ಕುಣಿಯೊಳಗಿನ ಭಾಗೀದಾರ

ನಾನು ಸಾಲಿ ಬಿಟ್ಟದ್ದು ೧೯೫೮ರಲ್ಲಿ, ಏಳನೇ ಇಯತ್ತೆಯ ಅರ್ಧಕ್ಕೆ. ಹಾಗಾಗಿ ಟೀವಿಯೊಳಗಿನ ವಕೀಲರು ಇಂಗ್ಲಿಷಿನಲ್ಲಿ ಏನು ಗುದ್ದಾಡುತ್ತಾರೋ ನನಗೆ ತಿಳಿಯದು. ಆದರೆ ನಿನ್ನೆ ಮೊಮ್ಮಗಳು ನೋಡುತ್ತಿದ್ದ ಕನ್ನಡ ಧಾರಾವಾಹಿಯಲ್ಲಿ ಇಬ್ಬರು ಅಣ್ಣತಮ್ಮಂದಿರು, ಒಂದೇ ಆಫೀಸಿನ ವಕೀಲರು. ದೊಡ್ಡವನು ಜಡ್ಜರ ಮುಂದೆ ತಮ್ಮನ ಕಡೆ ಬೆರಳು ಮಾಡಿ, "ಇವನು ನನ್ನ ಪಾರ್ಟ್ನರ್ ಅಲ್ಲ, ಬರೀ ಫೈಲು ಹೊರೋನು" ಅಂದ. ನಾನು ಚಹಾದ ಕಪ್ಪು ಕೆಳಗಿಟ್ಟು ಕೂಗಿದೆ:

"ಸುಳ್ಳ ಹೇಳ್ತಾನ ನೋಡ ಮಗ!"

"ಅಜ್ಜಾ, ಅದು ಸೀರಿಯಲ್ಲು. ಎಲ್ಲಾ ಸುಳ್ಳ ಇರ್ತೈತಿ" ಅಂದಳು ಅವಳು.

ಸುಳ್ಳೆಲ್ಲಿ ಬಂತು, ನೀವೇ ಹೇಳಿ? ಹಳಿಯಾಳದ ಕೋರ್ಟಿನಲ್ಲಿ ಇದೇ ಮಾತನ್ನು ನನ್ನ ಒಡಹುಟ್ಟಿದ ಅಣ್ಣನ ಬಾಯಿಂದ ನಾನು ಕೇಳಿದ್ದೇನೆ.

ಕುಳಗಿಯ ಕಾಡಿನ ಕಡೆ ನಾವಿಬ್ಬರೂ ದಿಮ್ಮಿ ಕೊಯ್ಯುತ್ತಿದ್ದೆವು. ಕುಣಿಯ ಮೇಲೆ ದಿಮ್ಮಿ ಅಡ್ಡ ಇಟ್ಟರೆ, ಉದ್ದ ಗರಗಸದ ಒಂದು ಹಿಡಿಕೆ ಮೇಲಿನವನಿಗೆ, ಇನ್ನೊಂದು ಕುಣಿಯೊಳಗಿನವನಿಗೆ. ಮೇಲಿನವನಿಗೆ ಕೊಯ್ಯಬೇಕಾದ ಗೆರೆ ಕಾಣುತ್ತದೆ, ಗಾಳಿ ಸಿಗುತ್ತದೆ, ಹೋಗಿಬರುವವರ ನಮಸ್ಕಾರವೂ ಸಿಗುತ್ತದೆ. ಕೆಳಗಿನವನಿಗೆ ಕಣ್ಣುತುಂಬ ಕಟ್ಟಿಗೆಯ ಹೊಟ್ಟು. ಏಳು ವರ್ಷ ಕೆಳಗೆ ನಿಂತವನು ನಾನು. "ಇಬ್ರೂ ಸಮ ಭಾಗೀದಾರ್ರು, ಬಾರೋ" ಎಂದು ಸಾಲಿ ಬಿಡಿಸಿ ಕರೆದವನು ಅವನು. ಕಾಗದ ಮಾಡಿಸಬೇಕೆಂದು ಯಾರಿಗೆ ಹೊಳೆಯುತ್ತದೆ? ಅಣ್ಣನಲ್ಲವೇ!

ಕಡೆಗೆ ದಾಂಡೇಲಿಯಲ್ಲಿ ಅವನು ತನ್ನೊಬ್ಬನ ಹೆಸರಿಗೆ ದಿಮ್ಮಿ ಕೊಯ್ಯುವ ಗುತ್ತಿಗೆ ಹಿಡಿದ. ನನ್ನ ಪಾಲು ಕೇಳಿ ನಾನು ಕೋರ್ಟಿಗೆ ಹೋದೆ. ಅಲ್ಲಿ ನನ್ನ ಮುಖವನ್ನೂ ನೋಡದೆ ಅಂದ: "ಭಾಗೀದಾರ ಎಲ್ಲೀದ್ರಿ ಸಾಹೇಬ್ರ, ಕೆಳಗ ನಿಂತ ಜಗ್ಗೂ ಕೂಲಿ ಅದಾನ ಇಂವ."

ಕೂಲಿ!

ಜಡ್ಜಸಾಹೇಬರು ನನ್ನನ್ನು ಕೇಳಿದರು: "ನಿನ್ನನ್ನ ಪಾಲುದಾರ ಅಂತ ಇವನು ಯಾರ ಮುಂದಾದರೂ ಅಂದಿದ್ದನೇನು?"

ಅಂದಿದ್ದ. ಒಮ್ಮೆ ಹಟ ಹಿಡಿದು ನಾನು ಮೇಲೆ ಹತ್ತಿದ್ದೆ, ಅಣ್ಣ ಕುಣಿಗಿಳಿದಿದ್ದ. ಗೆರೆ ಕಣ್ಣ ಮುಂದೆಯೇ ಇದ್ದರೂ ಬಂಗಾರದಂಥ ಸಾಗವಾನಿಯನ್ನು ಹಾವು ಹರಿದಂತೆ ಸೊಟ್ಟ ಕೊಯ್ದೆ. ದಿಮ್ಮಿಯ ಸಾವಕಾರ ಬಂದು "ಮ್ಯಾಲ ಇದ್ದಾಂವ ಯಾಂವಲೇ?" ಎಂದು ಚೀರಿದ. ಅಣ್ಣ ಹೊಟ್ಟು ಮೆತ್ತಿದ ಮುಖದಲ್ಲೇ ಕುಣಿಯಿಂದ ಎದ್ದು, "ಅದನ್ನ ಕೇಳಬ್ಯಾಡ್ರಿ ಸಾವಕಾರ್ರ. ನಾವು ಭಾಗೀದಾರ್ರು. ತಪ್ಪು ಇಬ್ಬರದೂ" ಅಂದಿದ್ದ.

ಅದೇ ಸಾವಕಾರ, ಬೇರೆ ಯಾವುದೋ ದಾವೆಗೆ ಬಂದವನು, ಅಂದು ಕೋರ್ಟಿನ ಬಾಗಿಲಲ್ಲೇ ನಿಂತಿದ್ದ. ಕರೆಸಿದ್ದರೆ ಗೆಲ್ಲುತ್ತಿದ್ದೆ. ಆದರೆ ಸೊಟ್ಟ ಕೊಯ್ದವನು ನಾನೆಂದು ಅಷ್ಟು ಜನರ ಮುಂದೆ ಒಪ್ಪಬೇಕಲ್ಲ!

"ಇಲ್ರಿ" ಅಂದೆ.

ಅಣ್ಣ ಆಗ ನನ್ನ ಮುಖ ನೋಡಿದ. ದಾವೆ ವಜಾ ಆಯಿತು. ಮುಂದೆ ಅವನು ಸಾಯುವತನಕ ನಾವು ಮಾತಾಡಲಿಲ್ಲ.

ಕೂಲಿ ಅಂದದ್ದನ್ನು ಊರಿಗೆಲ್ಲ ಹೇಳಿಕೊಂಡು ಬೈದವನು ನಾನು. ಸೊಟ್ಟ ದಿಮ್ಮಿಯ ಸಂಗತಿಯನ್ನು ನಿನ್ನೆಯೇ ಮೊದಲ ಸಲ, ಮೊಮ್ಮಗಳ ಮುಂದೆ, ಬಾಯಿಬಿಟ್ಟೆ.

"ಅಂದ್ರ ನೀನೂ ಸುಳ್ಳ ಹೇಳಿದಿ, ಅಜ್ಜಾ."

"ಮೊದಲ ಹೇಳಿದಾಂವ ಅಂವ!" ಎಂದು ರೇಗಿದೆ. ಅವಳು ಟೀವಿ ಬಂದ್ ಮಾಡಿದಳು.

ಇವತ್ತಿಗೆ ನನಗಿರುವುದು ಸ್ವಂತ ದುಡಿಮೆಯ ಮೂರು ಕೋಣೆಯ ಮನೆ, ಇಬ್ಬರು ಮಕ್ಕಳು, ಒಬ್ಬಳು ಮೊಮ್ಮಗಳು, ನಾಲ್ಕು ಗರಗಸ. ನಾಲ್ಕಕ್ಕೂ ಒಂದೊಂದೇ ಹಿಡಿಕೆ.