ಕೂತರೆ ಕಾಣದ ನದಿ

ದೋಣಿ ಕಟ್ಟುವ ಶೆಡ್ಡಿನಲ್ಲಿ ಅವನನ್ನು ಎಲ್ಲರೂ ರಸಮಟ್ಟ ಎಂದೇ ಕರೆಯುತ್ತಿದ್ದರು. ಬಡಗಿಯ ಕೈಯಲ್ಲಿ ರಸಮಟ್ಟ ಇರುವುದೇನೂ ದೊಡ್ಡ ಸಂಗತಿಯಲ್ಲ. ಆದರೆ ಈತ ಚಹಾ ಕುಡಿಯಲು ಹೋದಲ್ಲೂ ಅದನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು, ಒಳಗಿನ ಗುಳ್ಳೆ ನಡುವೆ ನಿಲ್ಲುತ್ತದೋ ಇಲ್ಲವೋ ನೋಡಿ, ನಿಲ್ಲದಿದ್ದರೆ ಮೇಜಿನ ಕಾಲಿನ ಕೆಳಗೆ ಕಾಗದ ಮಡಿಸಿ ಇಟ್ಟ ಮೇಲೆಯೇ ಲೋಟ ಮುಟ್ಟುವವನು. ಮನೆಯಲ್ಲಿ ಹೆಂಡತಿ ಗೋಡೆಗೆ ಏನನ್ನೂ ತೂಗುಹಾಕುತ್ತಿರಲಿಲ್ಲ. ಹಾಕಿದರೆ ಅದು ನೆಟ್ಟಗಾಗುವವರೆಗೂ ಊಟಕ್ಕೆ ಏಳುವ ಗಂಡನಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಆ ಶೆಡ್ಡಿನಲ್ಲಿ ಕಟ್ಟುತ್ತಿದ್ದುದು ರಜೆಗೆ ಬರುವವರಿಗೆ ಬಾಡಿಗೆಗೆ ಕೊಡುವ ಕ್ರೂಸರ್‌ಗಳನ್ನು. ಹೇಳಬೇಕೆಂದರೆ ಅವು ನದಿಯ ಮೇಲೆ ತೇಲುವ ಪುಟ್ಟ ಮನೆಗಳು. ಒಂದು ಹಜಾರ, ಅದರ ಮೂಲೆಯಲ್ಲೇ ಅಡುಗೆಯ ಕಟ್ಟೆ, ಹಿಂದೆ ಮಲಗುವ ಕೋಣೆ, ನಡುವೆ ಒಬ್ಬರು ನಿಂತರೆ ತುಂಬಿಹೋಗುವ ಬಚ್ಚಲು. ಹೊರಮೈಯನ್ನು ಬೇರೆಯವರು ಮಾಡುತ್ತಿದ್ದರು. ಒಳಗಿನ ಮರದ ಕೆಲಸವೆಲ್ಲ ರಸಮಟ್ಟನದು. ಮೀಸೆ ಚಿಗುರುವ ಮೊದಲೇ ಆ ಶೆಡ್ಡಿಗೆ ಬಂದವನ ಮೀಸೆ ಈಗ ಪೂರಾ ನರೆತಿತ್ತು. ಅವನು ಕೂರಿಸಿದ ಬಾಗಿಲಿನ ಸಂದಿನಲ್ಲಿ ಉಗುರೂ ತೂರುವುದಿಲ್ಲ ಎಂದು ಜೊತೆಯವರು ಹೇಳಿದಾಗ ಅವನು ಏನೂ ಕೇಳಿಸದವನಂತೆ ಇರುತ್ತಿದ್ದ. ಕಿವಿ ಮಾತ್ರ ಕೆಂಪಾಗುತ್ತಿತ್ತು. ಇಷ್ಟಾದರೂ ತಾನು ಕಟ್ಟಿದ ಯಾವ ದೋಣಿಯಲ್ಲೂ ಅವನು ಒಂದು ದಿನ ಇದ್ದವನಲ್ಲ. ಕಟ್ಟಿ ನೀರಿಗೆ ಇಳಿಸಿದ ಮೇಲೆ ಅದು ಬೇರೆಯವರ ಸಂಸಾರ. ಇವನಿಗೆ ಮುಂದಿನ ದೋಣಿ.

ಆ ವರ್ಷ ಕಟ್ಟಿದ್ದು ಎಲ್ಲಕ್ಕಿಂತ ದೊಡ್ಡದು. ಅರ್ಧ ಕೆಲಸ ಮುಗಿದಿತ್ತು, ಕಿಟಕಿಗಳನ್ನು ಕೊರೆದಾಗಿತ್ತು. ಆಗ ಚಿಕ್ಕ ಯಜಮಾನ ಒಳಗೆ ಬಂದು ತಲೆಯೆತ್ತಿ ನೋಡಿದ. ತಂದೆಯ ನಂತರ ಶೆಡ್ಡು ನೋಡಿಕೊಳ್ಳುತ್ತಿದ್ದ ಅವನು ಕೆಟ್ಟವನಲ್ಲ. ಆದರೆ ಹೊಸ ಯೋಚನೆಗಳು ಅವನಿಗೆ ಯಾವಾಗಲೂ ಕೆಲಸ ಅರ್ಧವಾದ ಮೇಲೆಯೇ ಹೊಳೆಯುತ್ತಿದ್ದವು.

"ಈಗಿನ ಜನ ಉದ್ದ ಇರ್ತಾರೆ ಮೇಸ್ತ್ರಿ. ತಲೆ ಚಾವಣಿಗೆ ತಾಗಬಾರದು. ನೆಲ ಒಂದು ಗೇಣು ಕೆಳಗಿಳಿಸೋಕಾಗುತ್ತಾ?"

ಆಗುವುದಿಲ್ಲ ಎಂಬ ಮಾತು ರಸಮಟ್ಟನ ಬಾಯಲ್ಲಿ ಹುಟ್ಟಿದ್ದೇ ಇಲ್ಲ. ಹಾಸಿದ ನೆಲವನ್ನೆಲ್ಲ ಕಿತ್ತು, ತೊಲೆಗಳನ್ನು ತಗ್ಗಿಸಿ, ಹೊಸದಾಗಿ ಹಾಸಿದ. ಗುಳ್ಳೆ ಎಲ್ಲಿಟ್ಟರೂ ನಡುವೆಯೇ ನಿಂತಿತು. ಅದರ ಮೇಲೆ ಆಸನ, ಮೇಜು, ಕಪಾಟು. ಚಿಕ್ಕ ಯಜಮಾನ ಬೆನ್ನು ತಟ್ಟಿ, "ಮುಂದಿನ ವಾರದಿಂದ ಬುಕಿಂಗ್ ಶುರು. ಅದಕ್ಕೆ ಮುಂಚೆ ನೀವೇ ಮನೆಯವರನ್ನ ಕರ್ಕೊಂಡು ಎರಡು ದಿನ ಹೋಗ್ಬನ್ನಿ. ಹೇಗಿದೆ ಅಂತ ಬಂದು ಹೇಳಿ" ಎಂದ.

ಮನೆಯಲ್ಲಿ ಇದ್ದವರು ಮೂವರು: ಅವನು, ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ಹಾಸಿಗೆ ಹೊದಿಕೆಗೆ ಇಸ್ತ್ರಿ ಹಾಕುವ ಹೆಂಡತಿ, ಮತ್ತು ಅವಳ ತಾಯಿ. ಅತ್ತೆ ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಮಂಡಿ ಕೈಕೊಟ್ಟಿತ್ತು, ನಾಲಗೆ ಕೈಕೊಟ್ಟಿರಲಿಲ್ಲ.

ಸುದ್ದಿ ಕೇಳಿ ಹೆಂಡತಿ ಒಂದೇ ಷರತ್ತು ಹಾಕಿದಳು. "ಹತಾರದ ಪೆಟ್ಟಿಗೆ ಮನೇಲಿ ಬಿಟ್ಟು ಬರ್ತೀರಿ ಅಂದ್ರೆ ಮಾತ್ರ ನಾನು ಬರೋದು. ಇಲ್ಲಾಂದ್ರೆ ಎರಡು ದಿನವೂ ನೀವು ಕೀಲು ಬಿಗಿ ಮಾಡ್ತಾ ಕೂರ್ತೀರಿ, ನಾನು ಸ್ಕ್ರೂ ಹಿಡ್ಕೊಂಡು ನಿಂತಿರ್ತೀನಿ."

ಅವನು ಬಿಟ್ಟುಬಂದ.

ದೋಣಿ ಹತ್ತುವಾಗ ಅವನ ಎದೆ ಉಬ್ಬಿತ್ತು. ಹೆಂಡತಿ ಒಳಗಿಳಿದು, ಮೇಣ ಉಜ್ಜಿದ ಮರದ ಮೇಲೆ ಅಂಗೈಯಾಡಿಸಿ, "ಅಯ್ಯೋ, ಎಷ್ಟು ಚೆನ್ನಾಗಿದೇರೀ!" ಎಂದಳು. ಆ ಎರಡು ದಿನದಲ್ಲಿ ಅವನ ಕಿವಿಗೆ ಬಿದ್ದ ಮೊದಲ ಮತ್ತು ಕೊನೆಯ ಒಳ್ಳೆಯ ಮಾತು ಅದು.

ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಅಳಿಯಂದ್ರೇ, ಇದು ಮೆಟ್ಟಿಲೋ, ಏಣಿಯೋ?"

ನೆಲ ಕೆಳಗಿಳಿದ ಮೇಲೆ ಮೆಟ್ಟಿಲೂ ಕಡಿದಾಗಿದ್ದವು. ಅದು ಅವನಿಗೆ ಈಗ ಹೊಳೆಯಿತು. ಅತ್ತೆಯನ್ನು ಹಿಮ್ಮುಖವಾಗಿ ತಿರುಗಿಸಿ, ಅವನು ಕೆಳಗಿನಿಂದ ಒಂದೊಂದೇ ಕಾಲು ಹಿಡಿದು ಮೆಟ್ಟಿಲ ಮೇಲಿಟ್ಟ. ಹೆಂಡತಿ ಮೇಲಿನಿಂದ ರಟ್ಟೆ ಹಿಡಿದಳು. ಪಕ್ಕದ ದೋಣಿ ತೊಳೆಯುತ್ತಿದ್ದವರು ಕೆಲಸ ನಿಲ್ಲಿಸಿ ನೋಡಿದರು.

ಇಳಿದು, ಸೆರಗಿನಿಂದ ಮುಖ ಒರೆಸಿಕೊಂಡು, ಅತ್ತೆ ಕಿಟಕಿಯ ಪಕ್ಕದ ಮೆತ್ತನೆಯ ಆಸನದಲ್ಲಿ ಕೂತರು. ಅವನು ಎಂಜಿನ್ ಶುರುಮಾಡಿ, ಚುಕ್ಕಾಣಿ ಹಿಡಿದು, ದೋಣಿಯನ್ನು ನಡುನದಿಗೆ ತಂದ. ಬಿಸಿಲು ಚೆನ್ನಾಗಿತ್ತು. ಎರಡೂ ದಡದಲ್ಲಿ ಹಸಿರು.

"ಅಳಿಯಂದ್ರೇ, ನದಿ ಎಲ್ಲಿ?"

ತಮಾಷೆ ಎಂದುಕೊಂಡು ಅವನು ನಕ್ಕ. "ಕೆಳಗೇ ಇದೆ ಅತ್ತೆ."

"ಕೆಳಗಿದೆ ಅಂತ ನನಗೂ ಗೊತ್ತು. ಕಾಣೋದು ಎಲ್ಲಿಂದ?"

ಚುಕ್ಕಾಣಿಯನ್ನು ಹೆಂಡತಿಯ ಕೈಗೆ ಕೊಟ್ಟು ಅವನು ಬಂದು ಅತ್ತೆಯ ಎದುರು ಕೂತ. ಕೂತವನು ಹಾಗೇ ಕೂತುಬಿಟ್ಟ. ಅವನ ಕಣ್ಣಿನ ಮಟ್ಟಕ್ಕೆ ಸರಿಯಾಗಿ, ತಾನೇ ವಾರಗಟ್ಟಲೆ ಉಜ್ಜಿ ಹೊಳಪು ತಂದ ಮರದ ಹಲಗೆ ಇತ್ತು. ಕತ್ತು ಎತ್ತಿದರೆ ಆಕಾಶ. ಇನ್ನೂ ಎತ್ತಿದರೆ ಮರದ ತುದಿ, ಒಂದು ವಿದ್ಯುತ್ ತಂತಿ. ನೀರು ಎಂಬುದು ಹನಿಯಷ್ಟೂ ಇಲ್ಲ.

ನೆಲ ಇಳಿಯಿತು, ನೆಲದ ಜೊತೆ ಆಸನ ಇಳಿಯಿತು, ಕಿಟಕಿ ಮಾತ್ರ ಇದ್ದಲ್ಲೇ ಉಳಿಯಿತು. ಇಷ್ಟೇ ಲೆಕ್ಕ. ಮಗುವಿಗೂ ಗೊತ್ತಾಗುವಂಥದ್ದು. ಆದರೆ ಶೆಡ್ಡಿನಲ್ಲಿ ಅವನು ನಿಂತು ಕೆಲಸ ಮಾಡಿದ್ದ, ಮಂಡಿಯೂರಿ ಮಾಡಿದ್ದ, ಅಂಗಾತ ಮಲಗಿಯೂ ಮಾಡಿದ್ದ. ಆ ಆಸನದ ಮೇಲೆ ಒಮ್ಮೆಯೂ ಸುಮ್ಮನೆ ಕೂತಿರಲಿಲ್ಲ.

ತಪ್ಪು ಗೊತ್ತಾದ ಮೇಲೆ ಒಪ್ಪಿಕೊಳ್ಳಬೇಕಿತ್ತು. ಬದಲಿಗೆ ಅವನಿಗೆ ಸಿಟ್ಟು ಬಂತು. "ನಿಂತ್ಕೊಂಡು ನೋಡಿದ್ರೆ ಚೆನ್ನಾಗಿ ಕಾಣುತ್ತೆ" ಎಂದ.

"ನಿಂತ್ಕೊಂಡು ನೋಡೋಕೆ ನಮ್ಮ ಮನೆ ಮುಂದಿನ ಸೇತುವೆ ಸಾಕಿತ್ತಲ್ಲ" ಎಂದರು ಅತ್ತೆ. ಅವರ ದನಿಯಲ್ಲಿ ಚುಚ್ಚುವ ಇರಾದೆ ಇರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ನನ್ನ ಆಯಸ್ಸೆಲ್ಲ ಟಿಕೆಟ್ ಕಿಟಕಿ ಹಿಂದೆ ಕೂತು ಊರೂರಿಗೆ ಹೋಗೋರ ಮುಖ ನೋಡ್ದೆ. ಒಂದು ಸಲ ನಾನೂ ಕಿಟಕೀಲಿ ಕೂತು ಬೇರೆ ಏನಾದ್ರೂ ನೋಡೋಣ ಅಂತ ಬಂದೆ, ಅಷ್ಟೇ."

ಅವನು ಚುಕ್ಕಾಣಿಗೆ ಮರಳಿದ. ಹೆಂಡತಿ ಹಾಸಿಗೆಯ ಮೇಲಿದ್ದ ದಿಂಬುಗಳನ್ನೆಲ್ಲ ತಂದು ತಾಯಿಯ ಕೆಳಗೆ ಒಟ್ಟಿದಳು. ನದಿ ಕಾಣಿಸಿತು. ಆದರೆ ಕಾಲು ನೆಲ ಮುಟ್ಟಲಿಲ್ಲ. ದೋಣಿ ತಿರುಗಿದಾಗಲೆಲ್ಲ ಅತ್ತೆ ದಿಂಬುಗಳ ಸಮೇತ ಒಂದು ಕಡೆಗೆ ಜಾರಿ, "ಹಿಡ್ಕೊಳೇ!" ಎಂದು ಕೂಗುವರು, ಮಗಳು ಒಲೆ ಬಿಟ್ಟು ಓಡಿಬರುವಳು. ಅಷ್ಟರಲ್ಲಿ ಅಡುಗೆಕಟ್ಟೆಯ ಖಾನೆಗಳು ತಾವಾಗಿಯೇ ತೆರೆದುಕೊಂಡು ಚಮಚಗಳನ್ನು ಚೆಲ್ಲುವವು. ಬೆರಳು ತಾಗಿದರೆ ಸಾಕು ಜಾರಿ ಬರುವಂತೆ ಅವನ್ನು ಮಾಡಿದವನು ಇವನೇ. ಶೆಡ್ಡಿನಲ್ಲಿ ಅದಕ್ಕೂ ಹೊಗಳಿಕೆ ಸಿಕ್ಕಿತ್ತು.

ರಸಮಟ್ಟ ಹಲ್ಲು ಕಚ್ಚಿಕೊಂಡು ಚುಕ್ಕಾಣಿ ಹಿಡಿದಿದ್ದ. ಅಭ್ಯಾಸಬಲದಿಂದ ಜೇಬಿನಿಂದ ರಸಮಟ್ಟ ತೆಗೆದು ಎದುರಿಗಿಟ್ಟ. ಗುಳ್ಳೆ ಅತ್ತ ಓಡಿತು, ಇತ್ತ ಓಡಿತು, ಎಲ್ಲೂ ನಿಲ್ಲಲಿಲ್ಲ. ಹಾಗೇ ಜೇಬಿಗೆ ಹಾಕಿಕೊಂಡ.

ಸಂಜೆ ದೋಣಿಯನ್ನು ಒಂದು ಹುಲ್ಲಿನ ದಡಕ್ಕೆ ತಂದು, ಮುಂದೊಂದು ಹಿಂದೊಂದು ಕಬ್ಬಿಣದ ಗೂಟ ಹೊಡೆದು, ಹಗ್ಗ ಬಿಗಿದ.

ಮಾರನೆಯ ಬೆಳಿಗ್ಗೆ ಅತ್ತೆ ಬಿಸಿನೀರಿನ ಸ್ನಾನಕ್ಕೆ ಹೋದರು. ನೀರು ಬೀಳುವ ಸದ್ದು ಬಹಳ ಹೊತ್ತು ಕೇಳಿಸಿತು. ಆಮೇಲೆ ನಿಂತಿತು. ಆಮೇಲೆ ಬಾಗಿಲನ್ನು ಮೆಲ್ಲಗೆ ತಟ್ಟಿದ ಸದ್ದು.

"ಅಳಿಯಂದ್ರೇ, ಈ ಬಾಗಿಲು ತೆಗೆಯೋದು ಹೇಗೆ?"

"ಚಿಲಕ ಸರಿಸಿ, ತಳ್ಳಿ ಅತ್ತೆ."

"ಸರಿಸಿದೆ. ತಳ್ಳಿದೆ. ಬರ್ತಿಲ್ಲ."

ಅವನು ಹೊರಗಿನಿಂದ ಎಳೆದ. ಬಾಗಿಲು ಕದಲಲಿಲ್ಲ. ಇನ್ನೊಮ್ಮೆ ಎಳೆದಾಗ ಹಿಡಿಕೆ ಕೈಗೇ ಬಂತು. ಬೆಚ್ಚಗಿನ ಶೆಡ್ಡಿನಲ್ಲಿ ಒಣಗಿದ ಮರ, ಉಗುರು ತೂರದ ಸಂದು. ಬಚ್ಚಲಿನ ಹಬೆ ಕುಡಿದು ಬಾಗಿಲು ಉಬ್ಬಿಕೊಂಡಿತ್ತು. ಕೀಲು ಬಿಚ್ಚೋಣವೆಂದರೆ ಅವು ಕಣ್ಣಿಗೆ ಕಾಣಬಾರದೆಂದು ಒಳಗಡೆ ಅಡಗಿಸಿದ್ದ. ಅಡಗಿಸಲು ಪಟ್ಟ ಪಾಡು ನೆನೆದು ಅವನಿಗೆ ಮೈ ಪರಚಿಕೊಳ್ಳುವಂತಾಯಿತು.

"ಉಳಿ ಇದ್ದಿದ್ರೆ ಎರಡು ನಿಮಿಷ" ಎಂದು ಹೆಂಡತಿಯ ಕಡೆ ತಿರುಗಿದ.

"ಅಮ್ಮ ಒಳಗಿದಾಳೆ. ಜಗಳ ಆಮೇಲೆ ಆಡೋಣ" ಎಂದಳು ಅವಳು.

ಒಳಗಿನಿಂದ ಅತ್ತೆ, "ನನಗೇನೂ ಅವಸರ ಇಲ್ಲ. ಆದ್ರೆ ಉಸಿರು ಕಟ್ತಿದೆ" ಎಂದರು.

ಅಡುಗೆಮನೆಯ ಚಾಕು ತೂರಿಸಿ ನೋಡಿದ. ಅದು ಬಳುಕಿತು. ಆಗ ಅವನಿಗೆ ದಡದ ಗೂಟ ನೆನಪಾಯಿತು. ಮೊನಚಾದ, ತೋಳಿನುದ್ದದ ಕಬ್ಬಿಣ. ಹೊರಗೆ ಹಾರಿ, ಹಿಂದಿನ ಗೂಟವನ್ನು ಅಲ್ಲಾಡಿಸಿ ಕಿತ್ತು, ಹಗ್ಗವನ್ನು ಅಲ್ಲೇ ಬಿಸಾಡಿ ಒಳಗೆ ಓಡಿಬಂದ. ಆ ಗೂಟ ಅಲ್ಲಿ ಯಾಕಿತ್ತು ಎಂಬುದು ಆ ಗಳಿಗೆಯಲ್ಲಿ ಅವನ ತಲೆಯಲ್ಲಿರಲಿಲ್ಲ.

ಮೊದಲ ಮೀಟಿಗೆ ಚೌಕಟ್ಟು ಕಿರುಗುಟ್ಟಿತು. ಎರಡನೆಯದಕ್ಕೆ ಬಾಗಿಲ ಅಂಚು ಉದ್ದಕ್ಕೆ ಸೀಳಿತು. ಸ್ವಂತ ಹಲ್ಲನ್ನು ಕಿತ್ತುಕೊಂಡವನಂತೆ ಅವನು ಮುಖ ಕಿವಿಚಿದ. ಅಷ್ಟರಲ್ಲಿ ಹೊರಗೆ ಜೋರಾಗಿ ಹಾರ್ನ್ ಕೇಳಿಸಿತು. ಹೆಂಡತಿ ನಿಂತು ಕಿಟಕಿಯಲ್ಲಿ ನೋಡಿ ಕಿರುಚಿದಳು. "ರೀ! ದಡ ಹೋಗ್ತಾ ಇದೆ!"

ದೋಣಿಯ ಹಿಂಭಾಗ ಸೆಳವಿಗೆ ಸಿಕ್ಕಿ ನಿಧಾನವಾಗಿ ತಿರುಗಿ, ನದಿಗೆ ಅಡ್ಡಲಾಗಿ ನಿಲ್ಲುತ್ತಿತ್ತು. ಆಚೆಯಿಂದ ಬರುತ್ತಿದ್ದ ಮರಳಿನ ದೋಣಿಯವನು ಹಾರ್ನ್ ಬಿಟ್ಟು ಬಾಯಿಗೆ ಬಂದ ಹಾಗೆ ಬೈಯಲು ಶುರುಮಾಡಿದ್ದ. ರಸಮಟ್ಟ ಒಂದು ಕಾಲು ಗೋಡೆಗೆ ಕೊಟ್ಟು ಕೊನೆಯ ಬಾರಿ ಮೀಟಿದ. ಬಾಗಿಲು ಎರಡು ಹೋಳಾಗಿ ಹಜಾರಕ್ಕೆ ಬಿತ್ತು. ಹಬೆಯ ನಡುವೆ ಅತ್ತೆ, ಸೀರೆಯುಟ್ಟು, ತಲೆಗೆ ಟವೆಲ್ ಸುತ್ತಿಕೊಂಡು, ಬಸ್ಸಿಗೆ ಕಾಯುವವರಂತೆ ನಿಂತಿದ್ದರು. ಅವನು ಅವರನ್ನು ದಾಟಿಕೊಂಡು ಎಂಜಿನ್ ಕಡೆ ಓಡಿದ. ದಡಕ್ಕೆ ಒಂದು ಗುದ್ದು ಕೊಟ್ಟು, ಹೊಸ ಬಣ್ಣಕ್ಕೆ ಉದ್ದನೆಯ ಗೀರು ಬಿದ್ದ ಮೇಲೆಯೇ ದೋಣಿ ನೇರವಾಯಿತು.

ಎಲ್ಲ ತಣ್ಣಗಾದ ಮೇಲೆ ಅತ್ತೆ ಮುರಿದ ಬಾಗಿಲನ್ನು ನೋಡಿ, "ಕೆಲಸ ಮಾತ್ರ ಗಟ್ಟಿ" ಎಂದರು. ಅದು ಹೊಗಳಿಕೆಯೋ ಅಣಕವೋ ಅವನಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಶೆಡ್ಡಿಗೆ ಮರಳಿದಾಗ ಚಿಕ್ಕ ಯಜಮಾನ ನಗುನಗುತ್ತಾ ಬಂದ. ಗೀರು ನೋಡಿ ನಗು ಅರ್ಧವಾಯಿತು, ಬಾಗಿಲು ನೋಡಿ ಪೂರ್ತಿ ಹೋಯಿತು.

"ಏನಾಯ್ತು ಮೇಸ್ತ್ರಿ?"

"ಬಾಗಿಲು ಬಿಡಿ, ಅದು ನನ್ನ ತಪ್ಪು, ನಾನೇ ಮಾಡಿಕೊಡ್ತೀನಿ. ಕಿಟಕಿ ತಪ್ಪಾಗಿದೆ. ಕೂತ್ರೆ ನೀರೇ ಕಾಣಲ್ಲ."

"ಈಗ ಕಿಟಕಿ ಕೊರೆಯೋಕಾಗುತ್ತಾ? ಬುಕಿಂಗ್ ಆಗೋಗಿದೆ. ಯಾರೂ ಗಮನಿಸಲ್ಲ ಬಿಡಿ."

"ದೋಣೀಲಿ ಕೂತೋರು ನದಿ ಇಲ್ಲ ಅನ್ನೋದನ್ನ ಗಮನಿಸಲ್ವಾ? ನೀವು ಒಂದು ಸಲ ಕೂತು ನೋಡಿ ಸ್ವಾಮಿ!"

ಅಷ್ಟು ವರ್ಷದಲ್ಲಿ ಅವನು ಯಜಮಾನರ ಮನೆಯವರೆದುರು ದನಿ ಏರಿಸಿದ್ದು ಅದೇ ಮೊದಲು. ಚಿಕ್ಕ ಯಜಮಾನ ಒಳಗೆ ಹೋಗಿ ಕೂತ. ಉದ್ದನೆಯ ಮನುಷ್ಯ, ಕತ್ತೆತ್ತಿ ನೋಡಿ, "ನನಗೆ ಸ್ವಲ್ಪ ಕಾಣುತ್ತೆ" ಎಂದು ಎದ್ದುಬಂದ.

ಉಳಿದ ದಿನಗಳಲ್ಲಿ ರಸಮಟ್ಟ ಸಡಿಲವಾದ ಹೊಸ ಬಾಗಿಲು ಕೂರಿಸಿದ. ಆ ಸಂದು ನೋಡುವಾಗಲೆಲ್ಲ ಅವನಿಗೆ ಮೈ ಉರಿಯುತ್ತಿತ್ತು. ಖಾನೆಗಳಿಗೆ ಕೊಂಡಿ ಹಾಕಿದ. ಆಸನಗಳ ಕೆಳಗೆ ಪೆಟ್ಟಿಗೆ ಕೊಟ್ಟು ಎತ್ತರಿಸಿದ. ಆಸನ ಏರಿತೆಂದು ಮೇಜು ಏರಿಸಿದ. ಮೇಜು ಏರಿದ್ದಕ್ಕೆ ಮೇಲಿನ ದೀಪ ತಲೆಗೆ ಬಡಿಯತೊಡಗಿತು, ದೀಪ ಸರಿಸಿದ. ಕಾಲಿಡಲು ಹಲಗೆ ಹಾಕಿದ. ಆ ಹಲಗೆಯನ್ನು ಮೊದಲು ಎಡವಿದವನೂ ಅವನೇ.

ಮೊದಲ ಬಾಡಿಗೆಯವರು ಒಂದು ದೊಡ್ಡ ಸಂಸಾರ. ವಾರ ಕಳೆದು ಮರಳಿದಾಗ ಅವನು ಬೇಕೆಂದೇ ಹಗ್ಗ ಹಿಡಿಯಲು ಹೋಗಿ ನಿಂತ. "ಹೇಗಿತ್ತು?" ಎಂದು ಕೇಳಿದ.

"ಬಹಳ ಚೆನ್ನಾಗಿತ್ತು!" ಎಂದಳು ಮನೆಯೊಡತಿ. "ಆ ಮಡಚೋ ಕುರ್ಚಿಗಳಿವೆಯಲ್ಲ, ಅದ್ಭುತ! ಇಡೀ ವಾರ ಅವನ್ನ ಚಾವಣಿ ಮೇಲೆ ಹಾಕ್ಕೊಂಡು ಕೂತಿದ್ವಿ. ಒಳಗೆ ಯಾರು ಕೂರ್ತಾರೆ ಹೇಳಿ?"

ಆ ಕುರ್ಚಿಗಳನ್ನು ಚಿಕ್ಕ ಯಜಮಾನ ಅಂಗಡಿಯಿಂದ ತಂದಿದ್ದ. ರಸಮಟ್ಟ ಹಗ್ಗವನ್ನು ಗೂಟಕ್ಕೆ ಸುತ್ತಿ ಅಷ್ಟೂ ಬಲ ಹಾಕಿ ಬಿಗಿದ. ಸಂಜೆ ಅದನ್ನು ಬಿಚ್ಚಲು ಇಬ್ಬರು ಬೇಕಾದರು.

ಮುಂದಿನ ದೋಣಿಯ ಬರಿಯ ಹೊರಮೈ ಶೆಡ್ಡಿಗೆ ಬಂದಾಗ, ಕಿಟಕಿ ಕೊರೆಯುವ ಮೊದಲು ಅವನು ಮನೆಗೆ ಹೋಗಿ ಅತ್ತೆಯನ್ನು ಕರೆತಂದ. ಒಳಗೆ ಆಸನದ ಎತ್ತರಕ್ಕೆ ಒಂದು ಪೆಟ್ಟಿಗೆಯಿಟ್ಟು ಅವರನ್ನು ಕೂರಿಸಿದ. ಜೊತೆಯವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಸೀಮೆಸುಣ್ಣ ಹಿಡಿದು ಗೋಡೆಯ ಮುಂದೆ ನಿಂತ.

"ಇಲ್ಲಿಗೆ ಸಾಕಾ ಅತ್ತೆ?"

"ಇನ್ನೂ ಕೆಳಗೆ."

ಅಳಿಸಿ ಕೆಳಗೆ ಗೆರೆ ಎಳೆದ. "ಇಲ್ಲಿಗೆ?"

"ಅಯ್ಯೋ, ಅಷ್ಟು ಬೇಡ, ಹೊರಗಿನೋರಿಗೆ ನನ್ನ ಮಂಡಿಯೆಲ್ಲ ಕಾಣುತ್ತೆ."

ಮತ್ತೆ ಅಳಿಸಿದ. "ಇಲ್ಲಿಗೆ?"

"ಸ್ವಲ್ಪ ಮೇಲೆ. ಅಷ್ಟಲ್ಲ. ಹಾ, ಅದಕ್ಕಿಂತ ಮುಂಚೆ ಎಲ್ಲಿತ್ತು? ಅದೇ ಚೆನ್ನಾಗಿತ್ತು ಅನ್ಸುತ್ತೆ."

ಅದಕ್ಕಿಂತ ಮುಂಚಿನದು ಎಲ್ಲಿತ್ತೆಂದು ಅವನಿಗೂ ಮರೆತಿತ್ತು. ಅವನು ಬಟ್ಟೆ ಒದ್ದೆ ಮಾಡಿಕೊಂಡು ಬಂದು, ಗೋಡೆಯನ್ನು ಪೂರ್ತಿ ಒರೆಸಿ, ಮೊದಲಿನಿಂದ ಶುರುಮಾಡಿದ.