ಸಿಂಗಮ್ಮನಿಗೆ ಯಾರೂ ಹೇಳಿರಲಿಲ್ಲ

ದೆವ್ವ ಭೂತದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಚರಿತ್ರೆಯ ಪಾಠ ಹೇಳುತ್ತಿದ್ದವಳು ನಾನು. ಯಾವಳಾದರೂ ತಮ್ಮ ಹಿತ್ತಲಿನ ಹುಣಿಸೇಮರದ ಸುದ್ದಿ ತೆಗೆದರೆ, ನೋಡಿದವರು ಯಾರು, ಅವರಿಗೆ ಜ್ವರವಿತ್ತೇ, ಅಂದು ಹೊಟ್ಟೆಗೆ ಏನಾದರೂ ತಿಂದಿದ್ದರೇ ಎಂದು ವಿಚಾರಣೆ ಮಾಡಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ, ನಾನೇ ಪೂರ್ತಿ ನಂಬಿದ್ದೇನೆ ಎಂದು ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳಬಲ್ಲೆ, ಅಷ್ಟೆ.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಮೈಸೂರಿನ ವಿದ್ಯಾರಣ್ಯಪುರಂನ ಒಂದು ಚಿಕ್ಕ ಬಾಡಿಗೆ ಮನೆಯಲ್ಲಿ ನಾನೂ ಅಮ್ಮನೂ ಇಬ್ಬರೇ ಇದ್ದೆವು. ನಾನು ಮದುವೆಯಾಗಿರಲಿಲ್ಲ. ತಂಗಿ ಸರೋಜಳನ್ನು ನಾಗಪುರದಲ್ಲಿ ರೈಲ್ವೆ ಕೆಲಸದಲ್ಲಿದ್ದ ಹುಡುಗನಿಗೆ ಕೊಟ್ಟಿತ್ತು. ಅಮ್ಮನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಬೆಳಕು ಕತ್ತಲೆ ತಿಳಿಯುತ್ತಿತ್ತು, ಮುಖ ತಿಳಿಯುತ್ತಿರಲಿಲ್ಲ. ಎದೆಯೂ ದುರ್ಬಲವಾಗಿತ್ತು. ಆಪರೇಷನ್ ಮಾತು ಹಾಗಿರಲಿ, ಒಂದು ಕೆಟ್ಟ ಸುದ್ದಿಯನ್ನೂ ಈ ಜೀವ ತಡೆಯುವುದಿಲ್ಲ ಎಂದು ಡಾಕ್ಟರು ನನ್ನನ್ನು ಆಚೆ ಕರೆದು ಹೇಳಿದ್ದರು.

ಆ ಚಳಿಗಾಲದಲ್ಲಿ ಸರೋಜ ಹೆರಿಗೆಯಲ್ಲಿ ತೀರಿಕೊಂಡಳು. ಮಗುವೂ ಉಳಿಯಲಿಲ್ಲ. ಅವಳ ಗಂಡ ತಂತಿಯನ್ನು ನನ್ನ ಸ್ಕೂಲಿನ ವಿಳಾಸಕ್ಕೆ ಕಳಿಸಿದ್ದ. ಸಾವಿನ ಸುದ್ದಿಯ ಕಾಗದವನ್ನು ನಮ್ಮಲ್ಲಿ ಯಾರೂ ಇಟ್ಟುಕೊಳ್ಳುವುದಿಲ್ಲ. ಬಾಗಿಲಾಚೆಯೇ ಓದಿ, ಹರಿದು ಹಾಕಿ, ಸ್ನಾನ ಮಾಡಿಕೊಂಡು ಒಳಗೆ ಬರಬೇಕು. ನಾನು ಸ್ಕೂಲಿನ ನಲ್ಲಿಯ ಹತ್ತಿರ ನಿಂತು ಓದಿದೆ, ಹರಿದೆ. ಸಂಜೆ ಅಗ್ರಹಾರದಲ್ಲಿದ್ದ ಗೆಳತಿ ಕಮಲನ ಮನೆಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡು, ಜಡೆ ಒರೆಸಿಕೊಂಡು ಮನೆಗೆ ಹೋದೆ. ಅಮ್ಮನಿಗೆ ಹೇಳಲಿಲ್ಲ. ತಿಂಗಳಿಗೊಂದು ಕಾರ್ಡು ಹಾಕುತ್ತಿರು ಎಂದು ಸರೋಜನ ಗಂಡನಿಗೆ ಬರೆದೆ. ಅವನು ಪಾಪ, ‘ನಾವೆಲ್ಲ ಕ್ಷೇಮ’ ಎಂದು ಒಂದು ಸಾಲು ಬರೆದು ಹಾಕುತ್ತಿದ್ದ. ನಾನು ಓದಿ ಹೇಳುತ್ತಿದ್ದೆ.

ಆ ತಿಂಗಳುಗಳಲ್ಲಿ ನಾನು ಅಳಲಿಲ್ಲ. ಗಟ್ಟಿಗಿತ್ತಿ ಎಂದು ಹೊಗಳಿಕೊಳ್ಳಲು ಹೇಳುತ್ತಿಲ್ಲ. ಕೆಂಪಾದ ಕಣ್ಣು ಅಮ್ಮನಿಗೆ ಕಾಣುತ್ತಿರಲಿಲ್ಲ, ಆದರೆ ಅತ್ತು ಒಡೆದ ದನಿ ಕೇಳಿಸುತ್ತಿತ್ತು. ಹಾಗೆಂದು ಅಳುವನ್ನು ಮುಂದೂಡಿದೆ, ಆಮೇಲೆ ಅದು ಬರುವುದೇ ನಿಂತುಹೋಯಿತು. ಪಾಠ ಮಾಡುತ್ತಿದ್ದೆ, ಅಡಿಗೆ ಮಾಡುತ್ತಿದ್ದೆ. ಒಳಗೆ ಏನೂ ಇರಲಿಲ್ಲ. ಅಮ್ಮ ಊಟಕ್ಕೆ ಕೂತು, “ಸಾರಿಗೆ ಉಪ್ಪೇ ಹಾಕಿಲ್ಲ ಕಣೆ” ಎನ್ನುತ್ತಿದ್ದಳು. ಅದೇ ಸಾರನ್ನು ನಾನು ಉಂಡು ಎದ್ದಿರುತ್ತಿದ್ದೆ.

ಬೇಸಿಗೆ ರಜ ಬಂತು. ಕಮಲನ ಗಂಡನ ಮನೆಯವರು ತಲೆತಲಾಂತರದಿಂದ ಅರಮನೆಯ ಚಾಕರಿಯಲ್ಲಿದ್ದವರು. ಮೈದುನನ ಮದುವೆಗೆಂದು ಮನೆಗೆ ಸುಣ್ಣ ಬಳಿಸುವಾಗ ಅಟ್ಟದ ಮೇಲೆ ಒಂದು ಬಟ್ಟೆಯ ಗಂಟು ಸಿಕ್ಕಿತು. ಒಳಗೆ ಓಲೆಗರಿಗಳು. ಪುರಾಣವೋ ಮಂತ್ರವೋ ಎಂದು ಎಲ್ಲರೂ ಕೈಮುಗಿದು ದೇವರ ಮನೆಯಲ್ಲಿಟ್ಟರು. ಹಳೆಯ ಅಕ್ಷರ ಓದಲು ನನಗೆ ಸ್ವಲ್ಪ ಬರುತ್ತಿತ್ತು. ನನ್ನ ಕೈಗೆ ಏನಾದರೂ ಕೆಲಸ ಕೊಟ್ಟರೆ ಒಳ್ಳೆಯದೆಂದು ಕಮಲನಿಗೆ ಅನ್ನಿಸಿರಬೇಕು, ಗಂಟನ್ನು ತಂದು ನನ್ನ ಮಡಿಲಿಗೆ ಹಾಕಿದಳು.

ಗರಿಗಳಿಗೆ ದೀಪದ ಕಾಡಿಗೆ ಸವರಿ ಒರೆಸಿದಾಗ ಅಕ್ಷರ ಎದ್ದು ಕಂಡವು. ಪುರಾಣವಲ್ಲ, ಮಂತ್ರವೂ ಅಲ್ಲ. ಶ್ರೀರಂಗಪಟ್ಟಣದಿಂದ ಸಿಂಗಮ್ಮ ಎಂಬವಳು ಮೈಸೂರಿನ ಈ ಮನೆತನದ ಸೊಸೆ ನಂಜಮ್ಮನಿಗೆ ಬರೆದ ಓಲೆಗಳು. ಸಂವತ್ಸರದ ಹೆಸರು ಹಿಡಿದು ಲೆಕ್ಕ ಹಾಕಿದರೆ ನವಾಬರ ಕಾಲಕ್ಕೆ ಬರುತ್ತಿತ್ತು. ಸಿಂಗಮ್ಮನ ತಂದೆ ಅರಮನೆಯ ಪತ್ರ ಬರೆಯುವ ರಾಯಸದವರು. ಇಬ್ಬರು ಹುಡುಗಿಯರೂ ಅವರ ಜಗುಲಿಯಲ್ಲಿ ಅಕ್ಷರ ಕಲಿತವರು, ಆಮೇಲೆ ಬೇರೆ ಬೇರೆ ಊರಿಗೆ ಮದುವೆಯಾಗಿ ಹೋದವರು.

ನಂಜಮ್ಮ ಬರೆದದ್ದು ಒಂದೂ ಇರಲಿಲ್ಲ. ಅವು ಸಿಂಗಮ್ಮನ ಮನೆಯಲ್ಲಿದ್ದು ಎಲ್ಲಿ ಹೋದವೋ. ಗೆಳತಿಯ ಮಾತಿನಿಂದಲೇ ನಂಜಮ್ಮನನ್ನು ಕಟ್ಟಬೇಕಾಗಿತ್ತು. ‘ಅತ್ತೆ ಎಣ್ಣೆಯನ್ನು ಅಳೆದು ಕೊಟ್ಟರೆ ಕೊಡಲಿ, ತಲೆಗೆ ಹಚ್ಚುವುದನ್ನು ಬಿಡಬೇಡ’ ಎಂದು ಸಿಂಗಮ್ಮ ಬರೆದರೆ, ಇವಳ ಅತ್ತೆ ಜಿಪುಣಿ ಎಂದಾಯಿತು. ‘ಹೋದ ಕೂಸಿನ ಹೆಸರನ್ನು ಈ ಕೂಸಿಗೆ ಇಡಬೇಡ’ ಎಂದರೆ, ಒಂದು ಮಗು ಹೋಗಿ ಇನ್ನೊಂದು ಹುಟ್ಟಿದೆ ಎಂದಾಯಿತು. ಹಾಡು ಹೇಳುತ್ತಿದ್ದಳು, ಗುಡುಗಿಗೆ ಹೆದರುತ್ತಿದ್ದಳು, ಅವರೇಕಾಯಿ ಎಂದರೆ ಪ್ರಾಣ. ಕಮಲನ ಮನೆಯ ಹಿರಿಯರಿಗೆ ಇವಳ ಹೆಸರೇ ಗೊತ್ತಿರಲಿಲ್ಲ.

ದಿನವೂ ಬೆಳಿಗ್ಗೆ ನಡುಮನೆಯಲ್ಲಿ ಕೂತು ಓದುತ್ತಿದ್ದೆ. ಅಮ್ಮ ಹೂಬತ್ತಿ ಹೊಸೆಯುತ್ತ ಪಕ್ಕದಲ್ಲಿರುತ್ತಿದ್ದಳು. ಅವಳಿಗೆ ಇದರ ಗೀಳು ಹಿಡಿಯಿತು. ನಾನು ಗಂಟು ಬಿಚ್ಚುವ ಮೊದಲೇ “ಇವತ್ತು ನಂಜಮ್ಮಂಗೆ ಏನಾಯ್ತು ನೋಡೆ” ಎನ್ನುತ್ತಿದ್ದಳು. ಜಿಪುಣಿ ಅತ್ತೆಯನ್ನು ಇಬ್ಬರೂ ಸೇರಿ ಬೈದೆವು. ಸರೋಜನ ವಿಷಯ ಬಿಟ್ಟು ನಾವು ಮಾತಾಡಬಹುದಾದ ಒಬ್ಬ ಹೆಂಗಸು ಸಿಕ್ಕಿದ್ದಳು, ನನಗೆ ಅಷ್ಟೇ ಸಾಕಾಗಿತ್ತು.

ಕೊನೆಯ ಗರಿಗಳನ್ನು ಓದಿದ್ದು ಒಂದು ಭಾನುವಾರ. ಅಮ್ಮ ಇನ್ನೂ ಎದ್ದಿರಲಿಲ್ಲ. ಮೊದಲಿನ ಓಲೆಗಳೆಲ್ಲ ‘ನಿನ್ನ ಓಲೆ ತಲುಪಿತು’ ಎಂದು ಶುರುವಾಗುತ್ತಿದ್ದವು. ಅವುಗಳ ತುದಿಯಲ್ಲಿ ಮಾಸಿದ ಅರಿಸಿನದ ಕಲೆ ಇರುತ್ತಿತ್ತು. ಬಂದ ಓಲೆಗೆ ನಂಜಮ್ಮ ಅರಿಸಿನ ಹಚ್ಚಿ ಇಡುತ್ತಿದ್ದಳೆಂದು ನಾವು ಅರ್ಥ ಮಾಡಿಕೊಂಡಿದ್ದೆವು. ಮೈಸೂರಿನ ಹಳೆಯ ಕೋಟೆಯ ಮನೆಗಳನ್ನು ಕೆಡವುತ್ತಿದ್ದಾರಂತೆ, ನೀನು ಎಲ್ಲಿದ್ದೀಯೆ ಎಂದು ಸಿಂಗಮ್ಮ ಕೇಳಿದ ಗರಿಯಿಂದ ಮುಂದಕ್ಕೆ ಅರಿಸಿನವಿಲ್ಲ. ಆಮೇಲಿನ ಒಂದೊಂದರಲ್ಲೂ ಒಂದೇ ಮಾತು, ನಿನ್ನ ಓಲೆ ಬರಲಿಲ್ಲ. ನನ್ನ ಮೇಲೆ ಮುನಿಸೇ? ನಾನು ಏನು ಅಂದೆ? ಹೀಗೇ ಸಂವತ್ಸರಗಳು ಉರುಳಿದ್ದವು. ಕೊನೆಯದರಲ್ಲಿ ಅಕ್ಷರ ಸೊಟ್ಟಸೊಟ್ಟ. ಎಡಗೈ ಉಗುರಿನ ಕಚ್ಚು ಒಡೆದಿದೆ, ಬರಹ ಕೆಟ್ಟರೆ ನಗಬೇಡ ಎಂದು ಬರೆದಿದ್ದಳು. ಬಲಗೈಯಲ್ಲಿ ಬರೆಯುವವಳಿಗೆ ಎಡಗೈ ಉಗುರಿನ ಚಿಂತೆ ಏಕೋ ನನಗೆ ತಿಳಿಯಲಿಲ್ಲ. ತಪ್ಪು ಓದಿರಬೇಕೆಂದು ಬಿಟ್ಟುಬಿಟ್ಟೆ.

ನಂಜಮ್ಮ ಸತ್ತುಹೋಗಿದ್ದಳು. ಅರಿಸಿನ ನಿಂತ ದಿನವೇ ಅವಳು ಇರಲಿಲ್ಲ. ಆ ಮನೆಯವರು ಯಾರೋ ಸಿಂಗಮ್ಮನ ಓಲೆಗಳನ್ನು ಇಸಿದುಕೊಂಡು, ಒಂದನ್ನೂ ಎಸೆಯದೆ ಹಳೆಯವುಗಳ ಜೊತೆ ಕಟ್ಟಿಟ್ಟರು. ನಂಜಮ್ಮ ಇಲ್ಲ ಎಂದು ಒಂದು ಗರಿ ಬರೆದು ಕಳಿಸಲಿಲ್ಲ. ಇಷ್ಟು ತಿಳಿದಾಗ ನನಗೆ ಅಳು ಬರಬೇಕಾಗಿತ್ತು. ಬರಲಿಲ್ಲ.

ಅಮ್ಮ ಎದ್ದು ಬಂದು ಕೇಳಿದಳು. “ಕ್ಷೇಮವಾಗಿದ್ದಾಳಮ್ಮ” ಎಂದೆ. “ಬೇರೆ ಮನೆಗೆ ಹೋದರು, ಅಷ್ಟೆ. ಓಲೆ ಮುಗಿದವು.” ಅಮ್ಮ ಹೂಂ ಎಂದಳು, ಬೇರೆ ಏನೂ ಕೇಳಲಿಲ್ಲ.

ಊಟವಾದ ಮೇಲೆ ಗಂಟನ್ನು ಹಿಂದಕ್ಕೆ ಕೊಡಲು ಹೊರಟೆ. ನಾನು ಹೊರಗೆ ಹೋಗುವಾಗ ಮುಂಬಾಗಿಲಿಗೆ ಬೀಗ ಹಾಕಿ ಬೀಗದಕೈಯನ್ನು ಪಕ್ಕದ ಮನೆಯಲ್ಲಿ ಕೊಡುವುದು ರೂಢಿ. ಹಿತ್ತಲ ಬಾಗಿಲಿಗೆ ಒಳಗಿನಿಂದ ಅಗಳಿ. ಹಿತ್ತಲಿಗೆ ಸುತ್ತ ಎತ್ತರದ ಗೋಡೆ, ಬೇರೆ ದಾರಿ ಇಲ್ಲ. ಅಮ್ಮ ಗೋಡೆ ಹಿಡಿದುಕೊಂಡು ಬಚ್ಚಲವರೆಗೆ ಹೋಗಬಲ್ಲಳು, ಅಷ್ಟೇ.

ಕಮಲನ ಮನೆಯ ಹಜಾರದಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಅವಳಿಗೆ ಎಲ್ಲ ಹೇಳಿದೆ. ನಂಜಮ್ಮ ಸತ್ತುಹೋದಳು ಕಣೆ, ಅವಳ ಗೆಳತಿಗೆ ಯಾರೂ ಹೇಳಲೇ ಇಲ್ಲ, ಎಂಥ ಜನವೋ ಎಂದು ನಿಮ್ಮ ಹಿರಿಯರ ಮೇಲೆ ಸಿಟ್ಟು ಬರುತ್ತದೆ ಎಂದೆ. ಕಮಲ, “ಹೇಳಬಾರದು ಅಂತಲ್ಲ ಕಣೆ. ಹೇಳೋಕೆ ಬಾಯಿ ಬರಬೇಕಲ್ಲ. ನಿನಗೆ ಬಂತಾ?” ಎಂದಳು. ನಾನು ಕಾಫಿ ಕುಡಿದು ಗಂಟನ್ನು ಅವಳ ಕೈಗೆ ಕೊಟ್ಟು ಎದ್ದೆ.

ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಮುಂಬಾಗಿಲಿನ ಬೀಗ ಹಾಕಿದ ಹಾಗೇ ಇತ್ತು. ಒಳಗೆ ಹಿತ್ತಲ ಬಾಗಿಲು ತೆರೆದಿತ್ತು. ಅಮ್ಮ ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಉಟ್ಟ ಸೀರೆ, ತಲೆ, ಎಲ್ಲ ಒದ್ದೆ. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನನ್ನ ಹೆಜ್ಜೆ ಕೇಳಿ, “ಮುಟ್ಟಬೇಡ, ಅಲ್ಲೇ ನಿಂತ್ಕೊ” ಎಂದಳು. ಏನಾಯಿತಮ್ಮ ಎಂದೆ. ಅವಳ ದನಿಯಲ್ಲಿ ಗಾಬರಿ ಇರಲಿಲ್ಲ.

“ಯಾರೋ ಹಿತ್ತಲಲ್ಲಿ ನಿಂತು ಅಮ್ಮಾ ಅಂತ ಕರೆದ ಹಾಗಾಯ್ತು. ಬಾಗಿಲು ತೆಗೆದೆ. ಒಬ್ಬಳು ಹೆಂಗಸು, ವಯಸ್ಸಾದವಳ ದನಿ. ಒಳಗೆ ಬಾಮ್ಮ ಅಂದೆ. ಸೂತಕ, ಬರೋ ಹಾಗಿಲ್ಲ ಅಂದ್ಲು. ಯಾರು ಹೋದ್ರು ಅಂದ್ರೆ, ನನ್ನ ಗೆಳತಿ, ಹೋಗಿ ಬಹಳ ಕಾಲವಾಯ್ತಂತೆ, ನನಗೆ ಇವತ್ತು ತಿಳೀತು ಅಂದ್ಲು. ಗೆಳತಿಗೆಲ್ಲ ಸೂತಕ ಇಲ್ಲಮ್ಮ ಅಂದೆ. ಇಷ್ಟು ದಿನ ಯಾರೂ ಹೇಳಲಿಲ್ಲವಲ್ಲ, ನಾನು ಹಿಡೀತೀನಿ ಅಂದ್ಲು. ಹಾಗಂದು ನನ್ನ ಕೈ ಹಿಡ್ಕೊಂಡ್ಲು ಕಣೆ. ಹೆಬ್ಬೆರಳಿನ ಉಗುರು ಚುಚ್ತು. ಉದ್ದ ಬಿಟ್ಟಿದ್ಲು, ಅದರ ಮಧ್ಯೆ ಒಂದು ಕಚ್ಚು, ಒಡೆದುಹೋಗಿತ್ತು.”

ನಾನು ಬಾಗಿಲಲ್ಲೇ ನಿಂತಿದ್ದೆ. ಯಾವ ಕೈ ಎಂದು ಕೇಳಿದೆ. ಅಮ್ಮ ತನ್ನ ಎಡಗೈ ಎತ್ತಿ ತೋರಿಸಿದಳು, ಇಂಥ ಕೈ ಎಂದು.

“ಸೂತಕದವಳು ಮುಟ್ಟಿದ ಮೇಲೆ ಸ್ನಾನ ಮಾಡಲೇಬೇಕಲ್ಲ. ಎರಡು ಸಲ ಮಾಡಿದೆ. ಒಂದು ಅವಳಿಗೋಸ್ಕರ. ಒಂದು ನಮ್ಮ ಸರೋಜಂಗೆ.” ಒದ್ದೆ ಸೆರಗು ಹಿಂಡಿಕೊಂಡು, “ಹಂಡೇಲಿ ಇನ್ನೂ ನೀರಿದೆ. ನೀನು ಬೇರೆಯವರ ಮನೇಲಿ ಮಾಡಿದ್ದು ಸಾಲದು, ಹೋಗು” ಎಂದಳು.

ನಾನು ಬಚ್ಚಲಿಗೆ ಹೋಗಿ ತಣ್ಣೀರು ಸುರಿದುಕೊಂಡೆ. ಬಂದು ಅಮ್ಮನಿಗೆ ಒಣಸೀರೆ ಉಡಿಸಿ ತಲೆ ಒರೆಸಿದೆ. ಅವಳು ಸದ್ದಿಲ್ಲದೆ ಅತ್ತಳು, ಅವಳ ಎದೆಗೆ ಏನೂ ಆಗಲಿಲ್ಲ. ರಾತ್ರಿ ಮಧ್ಯಾಹ್ನದ ಸಾರನ್ನೇ ಬಿಸಿ ಮಾಡಿದೆ. ಮೊದಲ ತುತ್ತಿಗೇ ಅದು ಉಪ್ಪುಪ್ಪಾಗಿದೆ ಎಂದು ನನಗೆ ತಿಳಿಯಿತು. ಎಷ್ಟೋ ತಿಂಗಳ ಮೇಲೆ ನಾಲಗೆಗೆ ತಾಗಿದ ರುಚಿ ಅದು. ಅಮ್ಮನೂ ಹೇಳಲಿಲ್ಲ, ನಾನೂ ಹೇಳಲಿಲ್ಲ, ಇಬ್ಬರೂ ಉಂಡೆವು.

ನಾಗಪುರದಿಂದ ಕಾರ್ಡು ಬರುವುದು ನಿಂತಿತು. ನಾನೇ ಬೇಡವೆಂದು ಬರೆದೆ. ಅಮ್ಮ ಆಮೇಲೂ ಕೆಲವು ವರ್ಷ ಬದುಕಿದ್ದಳು. ಆ ಸಂಜೆಯ ಮಾತನ್ನು ಅವಳು ಮತ್ತೆ ಎತ್ತಲಿಲ್ಲ, ಕೇಳುವ ಧೈರ್ಯ ನನಗೂ ಆಗಲಿಲ್ಲ.

ನನ್ನ ಬುದ್ಧಿ ಸುಮ್ಮನಿರಲಿಲ್ಲ. ಪಕ್ಕದ ಮನೆಯಲ್ಲಿ ವಿಚಾರಿಸಿದೆ, ಅಂದು ಯಾರೂ ಬಂದಿರಲಿಲ್ಲ, ಬೀಗದಕೈ ಅವರ ಮೊಳೆಯಲ್ಲೇ ನೇತಾಡುತ್ತಿತ್ತು. ಸರೋಜನ ವಿಷಯ ಅಮ್ಮ ಊಹಿಸಿರಬಹುದು. ತಂತಿ ಬಂದ ಸಂಜೆ ನನ್ನ ಒದ್ದೆ ಜಡೆ ಅವಳ ಕೈಗೆ ತಾಗಿರಬಹುದು. ನಂಜಮ್ಮ ಸತ್ತದ್ದೂ ನನ್ನ ದನಿಯಲ್ಲಿ ತಿಳಿದಿರಬಹುದು. ಉಗುರಿನ ಅರ್ಥ ಮಾತ್ರ ನನಗೆ ಗೊತ್ತಾದದ್ದು ಆಮೇಲೆ. ಓಲೆ ಬರೆಯುವವರು ಎಡಗೈ ಹೆಬ್ಬೆರಳಿನ ಉಗುರನ್ನು ಉದ್ದ ಬೆಳೆಸಿ, ಅದರಲ್ಲಿ ಕಚ್ಚು ಮಾಡಿ, ಕಬ್ಬಿಣದ ಲೇಖನಿಯನ್ನು ಅದಕ್ಕೆ ಆನಿಸಿ ಬರೆಯುತ್ತಿದ್ದರೆಂದು ಒಬ್ಬ ಪಂಡಿತರು ಹೇಳಿದರು. ಅಮ್ಮ ಚಿಕ್ಕಂದಿನಲ್ಲಿ ತನ್ನ ಊರಿನಲ್ಲಿ ಅಂಥವರನ್ನು ನೋಡಿರಬಹುದು. ಹೀಗೆ ಒಂದೊಂದಕ್ಕೂ ಒಂದೊಂದು ‘ಬಹುದು’ ಇದೆ. ಎಲ್ಲವನ್ನೂ ಒಟ್ಟಿಗೆ ಇಟ್ಟರೆ ಅವು ನಿಲ್ಲುವುದಿಲ್ಲ.

ಒಂದನ್ನಂತೂ ಎಷ್ಟು ಯೋಚಿಸಿದರೂ ದಾಟಲಾರೆ. ನಂಜಮ್ಮ ಸತ್ತಳೆಂಬ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಕಮಲನ ಮನೆಯ ಹಜಾರದಲ್ಲಿ, ಒಂದೇ ಸಲ. ಅಲ್ಲಿ ನಾವಿಬ್ಬರಲ್ಲದೆ ಯಾರೂ ಇರಲಿಲ್ಲ. ಸಿಂಗಮ್ಮನ ಓಲೆಗಳು ಮಾತ್ರ ನನ್ನ ತೊಡೆಯ ಮೇಲಿದ್ದವು.