ಧಾರೆಗೆ ಬಾರದ ದೊಡ್ಡಯ್ಯ

ಟಕ್, ಟಕ್... ಗೈಡು ಬಿದಿರು ಕೋಲಿನಿಂದ ಸುರಂಗದ ಸೂರು ತಟ್ಟಿದ. ಕಳೆದ ತಿಂಗಳು ಉತ್ತರದ ಕಲ್ಲಿದ್ದಲ ಊರೊಂದಕ್ಕೆ ಟೂರು ಹೋಗಿದ್ದೆ. ಗಣಿ ಮುಚ್ಚಿ ಎಷ್ಟೋ ಕಾಲವಾಗಿದೆ. ಈಗ ತಲೆಗೊಂದು ಹೆಲ್ಮೆಟ್ಟು ಕೊಟ್ಟು ನಮ್ಮಂಥವರನ್ನು ಒಳಗೆ ಬಿಡುತ್ತಾರೆ. ಖಣ್ ಎಂದರೆ ಸೂರು ಗಟ್ಟಿ, ಟೊಳ್ಳು ಸದ್ದು ಬಂದರೆ ಓಡಬೇಕು, ತಟ್ಟದೆ ಗಣಿಯಾಳು ಯಾರೂ ಕೂರುತ್ತಿರಲಿಲ್ಲ, ಸೂರು ಕುಸಿದು ಎಷ್ಟೋ ಮಂದಿ ಇಲ್ಲೇ ಉಳಿದುಹೋದರು ಎಂದ ಗೈಡು. ಜೊತೆಯವರು ಕೋಲು ಹಿಡಿದು ಸೆಲ್ಫಿ ತೆಗೆದುಕೊಂಡರು. ನನಗೆ ನಮ್ಮೂರು ಹೆಮ್ಮರಗಾಲದ ಪಕ್ಕದ ಮನೆಯ ಹಿರಿಯರೊಬ್ಬರು ಕಣ್ಣ ಮುಂದೆ ಬಂದು ನಿಂತರು.

ನೆಂಟರಲ್ಲ, ಆದರೂ ದೊಡ್ಡಯ್ಯ ಎನ್ನುತ್ತಿದ್ದೆವು. ಪ್ರಾಯದಲ್ಲಿ ಯಾವುದೋ ಮೇಸ್ತ್ರಿಯ ಹಿಂದೆ ಹೋಗಿ ಗಣಿಯಲ್ಲಿ ದುಡಿದು ಬಂದವರು. ನಮ್ಮ ಕಡೆ ಗಣಿ ಎಂದರೆ ಚಿನ್ನದ್ದೇ ಅಲ್ಲವೇ! "ಏನ್ ದೊಡ್ಡಯ್ಯ, ಒಂದ್ ಮೂಗುತಿಗಾಗೋವಷ್ಟೂ ತರ್ನಿಲ್ವಲ್ಲ?" ಎಂದು ಊರೆಲ್ಲ ಚುಡಾಯಿಸುತ್ತಿತ್ತು. ಯಾವ ಗಣಿ ಎಂದು ಅವರೂ ಬಿಡಿಸಿ ಹೇಳಲಿಲ್ಲ. ಯಾರ ಮನೆಗೆ ಹೋದರೂ ಕೈಯಲ್ಲೊಂದು ಕೋಲು. ಮೊದಲು ತೊಲೆ ತಟ್ಟಿ, ಕಿವಿಗೊಟ್ಟು, ಆಮೇಲೇ ಕೂರುವುದು. ಯಾಕೆ ಅಂದರೆ "ಸದ್ ನೋಡ್ತೀನಿ ಕಣ್ಲಾ" ಅಷ್ಟೇ. ತಟ್ಟಲು ಬಿಡದ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ.

ಅವರಿಗೆ ಒಬ್ಬಳೇ ಮಗಳು, ನಾನು ಅಕ್ಕ ಎನ್ನುತ್ತಿದ್ದೆ. ಟಿ. ನರಸೀಪುರದ ಕಡೆಯವರು ಅವಳನ್ನು ನೋಡಲು ಬಂದ ದಿನ ಈ ಪುಣ್ಯಾತ್ಮ ಗಂಡಿನಪ್ಪನ ತಲೆ ಮೇಲಿನ ತೊಲೆಯನ್ನೇ ತಟ್ಟಬೇಕೇ! ಹೆಂಚಿನ ಧೂಳೆಲ್ಲ ಕೇಸರಿಬಾತಿಗೆ ಉದುರಿತು. "ತಲೆ ಕೆಟ್ಟೋರ್ ಮನೆ ಎಣ್ಣು ನಮ್ಗ್ ಬ್ಯಾಡ ಕಣ್ರೀ" ಎಂದು ಎದ್ದು ಹೋದರು. ಆಮೇಲೆ ಬಹಳ ಕಾಲ ಆ ಮನೆಗೆ ಯಾರೂ ಹೆಣ್ಣು ಕೇಳಿ ಬರಲಿಲ್ಲ. ಅಕ್ಕ ಅತ್ತು ಅತ್ತು ಸೊರಗಿಹೋದಳು.

ಅಂತೂ ಇಂತೂ ಒಂದು ಸಂಬಂಧ ಕೂಡಿಬಂತು. ನಂಜನಗೂಡಿನ ಛತ್ರದಲ್ಲಿ ಮದುವೆ. ಧಾರೆಯ ಹೊತ್ತಿಗೆ ಪುರೋಹಿತರು "ಹೆಣ್ಣಿನ ತಂದೆ ಎಲ್ರೀ?" ಎಂದು ಕೂಗಿದರು. ದೊಡ್ಡಯ್ಯ ಬಾಗಿಲಾಚೆ ಬಿಸಿಲಲ್ಲಿ, ಹೊಸ ಪಂಚೆ ಉಟ್ಟು, ಬರಿಗೈಯಲ್ಲಿ ನಿಂತಿದ್ದರು. ಒಂದು ಕಾಲು ಮೆಟ್ಟಿಲ ಮೇಲಿಡುವರು, ಸೂರು ನೋಡುವರು, ಕಾಲು ತೆಗೆಯುವರು... ಮುಖವೆಲ್ಲ ಬೆವರು. ಕಡೆಗೆ ಸೋದರಮಾವನೇ ಧಾರೆ ಎರೆದ. "ಮಗಳ್ ಧಾರೆಗೂ ಬರ್ನಿಲ್ವಲ್ಲಪ್ಪ, ಏನ್ ಕಲ್ಲೆದೆ!" ಎಂದು ಜನ ಛೀಮಾರಿ ಹಾಕಿದರು. ಅವರನ್ನು ಮಣ್ಣು ಮಾಡಿದ ದಿನವೂ ಅದನ್ನೇ ಆಡಿಕೊಂಡರು.

ಗಣಿಯಿಂದ ಹೊರಬಂದವನೇ ತಡೆಯಲಾರದೆ ಅಕ್ಕನಿಗೆ ಫೋನ್ ಮಾಡಿದೆ. "ದೊಡ್ಡಯ್ಯಂಗೆ ತಲೆ ಕೆಟ್ಟಿರ್ಲಿಲ್ಲ ಕಣಕ್ಕ. ಸೂರು ತಲೆ ಮೇಲ್ ಬೀಳ್ತದೆ ಅನ್ನೋ ಭಯ. ಇಲ್ಲಿ ಗಣೀಲಿ ಎಲ್ರೂ ತಟ್ಟಿ ನೋಡೇ ಕೂರೋರಂತೆ."

ಅದಕ್ಕೆ ಅಕ್ಕ ಅಂದಳು,

"ಮದ್ವೆ ದಿನ ಬೆಳಗ್ಗೆ ಆಣೆ ಆಕಿಸ್ಕೊಂಡಿದ್ದೆ ಕಣೋ, ಇವತ್ತೊಂದಿನ ಕೋಲ್ ಮುಟ್ಬ್ಯಾಡ ಕಣಪ್ಪ ಅಂತ. ಅದುಕ್ಕೇ ಒಳಕ್ ಬರಕ್ಕಾಗ್ನಿಲ್ವಾ ನಮ್ಮಪ್ಪಂಗೆ? ನಾನು... ಆ ಕೋಲ್ಗಿಂತ ಮಗಳು ಎಚ್ಚಲ್ವಾ ಅಂತ, ಅಪ್ಪ ಸಾಯೋಗಂಟ ಮಾತಾಡಿಸ್ನಿಲ್ಲ ಕಣೋ."

ಫೋನಿನಲ್ಲಿ ಅವಳ ಅಳು ಕೇಳಿಸುತ್ತಲೇ ಇತ್ತು. ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. ಇನ್ನು ಅವಳು ತಪ್ಪಾಯ್ತು ಅನ್ನುವುದಾದರೂ ಯಾರಿಗೆ...